ಹುಳವಿಲ್ಲದ ಮಣ್ಣು

“ಏ ಮಡ್ಯಾ, ಮಗಳಿಗಿ ಮಣ್ಣ ತಿನಿಸಿ ಕೊಂದಾವ ನೀ. ಈಗ ಕಂಪನಿ ಹೆಸರ ಹೇಳ್ಲಕ್ಕ ಬಂದಿ? ನಾಚಿಗಿ ಬರಲ್ಲೇನೋ ಹಲ್ಕಟ್?”

ಸತೀಶಕುಮಾರ ಪಾಟೀಲ ಹಳ್ಳದ ದಂಡೆಯ ಮೇಲೆ ನಿಂತು ಇಷ್ಟು ಗಟ್ಟಿಯಾಗಿ ಅಂದದ್ದು ನನಗೆ ಕೇಳಲೆಂದಲ್ಲ, ನನ್ನ ಹಿಂದೆ ನಿಂತಿದ್ದ ಓಣಿಯವರಿಗೆ ಕೇಳಲೆಂದು. ಹಳ್ಳದ ಮೇಲುಗಡೆಯ ಕಂಪನಿಗೆ ಕೂಲಿಯಾಳುಗಳನ್ನು ಕಳಿಸುವ ಗುತ್ತಿಗೆ ಅವನದು. ನಮ್ಮ ಊರಿನ ಅರ್ಧ ಮನೆಗಳ ಒಲೆ ಅವನ ಮಾತಿನ ಮೇಲೆ ಉರಿಯುತ್ತದೆ. ಓಣಿಯವರು ನೆಲ ನೋಡಿದರು.

ಕೆಳಗೆ ಬೀದರದಿಂದ ಬಂದ ನೀರಿನ ಸಾಹೇಬರು ಕೈಗೆ ರಬ್ಬರಿನ ಚೀಲ ಹಾಕಿಕೊಂಡು ಮೂರನೆಯ ಬಾಟಲಿ ತುಂಬುತ್ತಿದ್ದರು. ಮಗಳು ರಾಧಿಕಾ ತೀರಿಕೊಂಡ ಐದನೆಯ ದಿನ ನಾನೇ ಬರೆದು ಕೊಟ್ಟಿದ್ದ ಅರ್ಜಿಯ ಮೇಲೆ ಅವರು ಬಂದಿದ್ದರು.

“ಸಾಹೇಬ್ರ, ನೀರಲ್ಲರಿ. ಬುಡಕಿನ ಕೆಸರು ತೊಗೋರಿ,” ಎಂದೆ.

“ಕೆಸರು ಯಾಕೋ ಅಜ್ಜಾ?”

“ನನ್ನ ಮಗಳು ತಿಂದದ್ದು ಅದರಿ.”

ದಂಡೆಯ ಮೇಲೆ ಯಾರೋ ಕಿಸಕ್ಕೆಂದರು. ಸಾಹೇಬರು ಬಾಟಲಿಯನ್ನು ಬಿಸಿಲಿಗೆ ಹಿಡಿದರು.

“ನೋಡು, ಕನ್ನಡಿ ಹಾಂಗ ಅದ. ಮೀನ ಬಿಟ್ರ ಆಡ್ತಾವ.”

“ಬಿಡೋದು ಬ್ಯಾಡರಿ. ಮೊದಲಿದ್ದ ಮೀನ ಎಲ್ಲಿ ಹೋದವು ಅಂತ ಹೇಳ್ರಿ ಸಾಕು.”

“ನೀನೇ ಹಿಡದು ತಿಂದಿರಬೇಕು,” ಎಂದ ಸತೀಶಕುಮಾರ. “ಮಣ್ಣು ತಿನ್ನೋ ಮಂದಿ ಮೀನ ಬಿಡ್ತೀರೇನು?”

ನಾವು ಲಿಂಗ ಕಟ್ಟಿದವರು, ಮೀನು ಮುಟ್ಟುವವರಲ್ಲ. ಅದು ಅವನಿಗೂ ಗೊತ್ತು. ಈ ಸಲ ಎಲ್ಲರೂ ನಕ್ಕರು.

ಸಾಹೇಬರು ಬಾಟಲಿಗಳನ್ನು ಡಬ್ಬಿಯಲ್ಲಿ ಇಡುತ್ತ, “ಕಂಪನಿ ಪೈಪ್ ಬಂದ್ ಆಗಿ ಎರಡು ವರ್ಷ ಆಯ್ತು. ನೀರು ಸಾಫ್ ಅದ. ನಮ್ಮ ಕೆಲಸ ನೀರಿಂದು, ಕೆಸರು ನಮ್ಮ ಫಾರಂದಾಗ ಇಲ್ಲ. ಕೆಸರು ಲ್ಯಾಬಿಗಿ ಹೋಗ್ಬೇಕಂದ್ರ ಪೊಲೀಸ್ ಕೇಸ್ ಆಗ್ಬೇಕು, ಜಪ್ತಿ ಆಗ್ಬೇಕು. ಇಲ್ಲೇನು ಖೂನಿ ಆಗ್ಯಾದೇನು?” ಎಂದರು.

ಮಂದಿ ಮತ್ತೆ ನಕ್ಕರು. ಸಾಹೇಬರು ಉತ್ತರಕ್ಕೆ ಕಾಯಲಿಲ್ಲ. ಉತ್ತರ ನನ್ನ ಬಳಿ ಇತ್ತು.

*

ನಾನು ಕುಂಬಾರ. ಬೀದರದಿಂದ ಜನವಾಡದ ಕಡೆ ಹೋಗುವ ಹಾದಿ ಬಿಟ್ಟು ಒಳಗೆ ನಮ್ಮ ಊರು. ನಮ್ಮ ಮನೆತನಕ್ಕೆ ತಲೆಮಾರುಗಳಿಂದ ಮಣ್ಣು ಕೊಟ್ಟದ್ದು ಈ ಹಳ್ಳ. ಪ್ಲಾಸ್ಟಿಕ್ ಕೊಡ ಬಂದ ಮೇಲೆ ಕಸುಬು ಕುಂದಿತು. ಆದರೂ ಬೇಸಿಗೆಗೆ ನೀರಿನ ಮಡಕೆ, ದೀಪಾವಳಿಗೆ ಪಣತಿ ಕೇಳುವವರು ಇದ್ದರು. ಬಸುರಿಯರ ಬಿಲ್ಲೆ ಮಾತ್ರ ಯಾವ ಕಾಲಕ್ಕೂ ನಿಲ್ಲಲಿಲ್ಲ.

ನಮ್ಮ ಕಡೆ ಹೆಣ್ಣುಮಕ್ಕಳಿಗೆ ಮೂರನೆಯ ತಿಂಗಳಿಂದ ಮಣ್ಣಿನ ಬಯಕೆ ಹುಟ್ಟುತ್ತದೆ. ಗೋಡೆ ಕೆರೆದು ತಿನ್ನುವುದಕ್ಕಿಂತ ಶುದ್ಧವಾದದ್ದನ್ನು ತಿನ್ನಲಿ ಎಂದು ಕುಂಬಾರರ ಮನೆಯಿಂದ ಬಿಲ್ಲೆ ಕೊಡುವ ರೂಢಿ. ಮಣ್ಣನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಕೊನೆಗೆ ತಳಕ್ಕೆ ಕೂಡುವ ನುಣ್ಣನೆಯದನ್ನು ಮಾತ್ರ ತೆಗೆದು, ರೂಪಾಯಿ ನಾಣ್ಯದಷ್ಟು ತಟ್ಟಿ, ನೆರಳಿನಲ್ಲಿ ಒಣಗಿಸಿ, ತೊಗರಿ ಹೊಟ್ಟಿನ ಹೊಗೆಗೆ ಹಿಡಿಯಬೇಕು. ಆಗ ಅದಕ್ಕೆ ಮೊದಲ ಮಳೆಯ ವಾಸನೆ ಬರುತ್ತದೆ. ಅದಕ್ಕೆ ಬೆಲೆ ಹೇಳುವಂತಿಲ್ಲ. ನಾನು ಪ್ರತಿ ಬಿಲ್ಲೆಯ ಮೇಲೆ ವಿಭೂತಿ ಎಳೆದಂತೆ ಮೂರು ಬೆರಳು ಒತ್ತುತ್ತಿದ್ದೆ. ಮುಸಲ್ಮಾನರ ಮನೆಗೆ ಕೊಡುವುದಿದ್ದರೆ ಉಗುರಿನಿಂದ ಚಂದ್ರ ಒತ್ತುತ್ತಿದ್ದೆ. ಒತ್ತುವಾಗ ತಾಯಿ ಮಗು ಚೆನ್ನಾಗಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಬಾಯಿಮಾತಿಗೆ ಬೇಡಿದ್ದಲ್ಲ.

ಹಿಂದೆ ಆ ಮಣ್ಣು ಸೋಸುವುದು ದೊಡ್ಡ ಕೆಲಸ. ಬುಟ್ಟಿ ಕೆಸರಿನಲ್ಲಿ ಬಸವನಹುಳ, ಚಿಪ್ಪು, ಎರೆಹುಳ, ಏಡಿಯ ಮುರಿದ ಕಾಲು, ಕಪ್ಪೆಯ ಮರಿ ಎಲ್ಲ ಇರುತ್ತಿದ್ದವು. ಜೀವವಿದ್ದದ್ದನ್ನು ಒಂದೊಂದಾಗಿ ಹೆಕ್ಕಿ ನೀರಿಗೆ ಬಿಡಬೇಕು. ಹೊತ್ತು ಮುಳುಗುವವರೆಗೆ ಬೆನ್ನು ಬಾಗಿಸಿ ಕೂತರೂ ಒಂದು ಬುಟ್ಟಿ ಮುಗಿಯುತ್ತಿರಲಿಲ್ಲ.

ಮೇಲೆ ಕಂಪನಿ ಬಂದಿತು. ಅದರ ಪೈಪು ಹಳ್ಳಕ್ಕೆ ಇಳಿಯಿತು. ಕೆಲವು ವರ್ಷ ಹಳ್ಳದಲ್ಲಿ ನೊರೆ ಹರಿಯಿತು. ಆಮೇಲೆ ಗದ್ದಲವಾಗಿ ಪೈಪು ಮುಚ್ಚಿದರು, ನೊರೆ ಹೋಯಿತು. ಮಳೆಗಾಲ ಬಂದು ತೊಳೆದುಕೊಂಡು ಹೋದ ಮೇಲೆ ನೀರು ತಿಳಿಯಾಯಿತು. ಪೈಪಿನ ಕೆಳಗೆ ಹಳ್ಳ ತಿರುಗುವ ಕಡೆ ಹೊಸ ಮಣ್ಣು ಕೂತಿತ್ತು. ಕಪ್ಪಗೆ, ಬೆಣ್ಣೆಯಂತೆ. ಬೆರಳ ನಡುವೆ ತಿಕ್ಕಿದರೆ ಒಂದು ಹರಳು ಸಿಗದು. ನಾನು ಒಂದು ಬುಟ್ಟಿ ತಂದು ಸೋಸಲು ಕೂತೆ. ಒಂದೂ ಬಸವನಹುಳ ಇರಲಿಲ್ಲ. ಎರೆಹುಳ ಇರಲಿಲ್ಲ. ಚಿಪ್ಪು ಇರಲಿಲ್ಲ. ನಾನು ದೇವರಿಗೆ ಕೈ ಮುಗಿದೆ. ಮುದಿ ಬೆನ್ನು ನೋಡಿ ಶುದ್ಧ ಮಣ್ಣು ಕೊಟ್ಟೆಯಲ್ಲ ತಂದೆ, ಎಂದೆ.

ಐವತ್ತು ವರ್ಷ ಮಣ್ಣು ಮುಟ್ಟಿದ ಕೈ. ಹುಳ ಯಾಕೆ ಇಲ್ಲ ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ.

ರಾಧಿಕಾ ನಮಗೆ ಒಬ್ಬಳೇ ಮಗಳು. ಭಾಲ್ಕಿಗೆ ಕೊಟ್ಟಿದ್ದೆವು. ಆರು ವರ್ಷದ ಮೇಲೆ ಬಸುರಾಗಿ ಐದನೆಯ ತಿಂಗಳಿಗೆ ತವರಿಗೆ ಬಂದಳು. ಓಣಿಯವರಿಗೆ ಎರಡು ಸಲ ಸೋಸಿ ಕೊಡುತ್ತಿದ್ದವನು ಅವಳಿಗೆ ಐದು ಸಲ ಸೋಸಿದೆ. ನುಣುಪಿನಲ್ಲಿ ನುಣುಪು ತೆಗೆದೆ. “ಅಪ್ಪಾ, ಬಾಯಾಗ ಇಟ್ರ ಕರಗ್ತದ ನೋಡು,” ಎಂದು ನಗುತ್ತ ತಿಂದಳು. ತಿಂಗಳೊಳಗೆ ಹೊಟ್ಟೆನೋವು ಎಂದಳು. ಮುಖ ಬಿಳಿಚಿತು. ನನ್ನ ಹೆಂಡತಿ ಸುಂದರಬಾಯಿ ಒಂದು ದಿನ ಅವಳ ಬಾಯಿ ತೆರೆಸಿ, “ಒಸಡಿ ಮ್ಯಾಲ ನೀಲಿ ಗೆರಿ ಅದಲ್ಲ, ಏನಿದು?” ಎಂದು ಕೇಳಿದಳು. “ಮಣ್ಣಿನ ಬಣ್ಣ. ತೊಳಕೊಂಡ್ರ ಹೋಗ್ತದ,” ಎಂದೆ ನಾನು.

ಏಳನೆಯ ತಿಂಗಳಲ್ಲಿ ಮೈ ಸೆಟೆದು ಬಿದ್ದಳು. ಬೀದರದ ದವಾಖಾನೆಯಲ್ಲಿ ಡಾಕ್ಟರಮ್ಮ ಕಾಗದ ಹಿಡಿದು ಎಲ್ಲರೆದುರು ಕೂಗಾಡಿದರು.

“ಏನ ತಿನಿಸೀರಿ ಈ ಹುಡುಗಿಗಿ? ರಕ್ತದಾಗ ಇಷ್ಟು ಸೀಸ ಹ್ಯಾಂಗ ಬಂತು? ದನಾ ಕಾಯೋರಿಗೂ ನಿಮ್ಮಕಿಂತ ಅಕಲ್ ಇರ್ತದ!”

ನಾನು ಎಲ್ಲ ಹೇಳಿದೆ. ಕಂಪನಿಯ ತಿರುವು, ಐದು ಸಲ ಸೋಸಿದ್ದು, ಎಲ್ಲ. ಅವರ ಸಿಟ್ಟು ಇಳಿಯಿತು. ಇಳಿದದ್ದು ನನಗೆ ಇನ್ನೂ ಕೆಟ್ಟದಾಯಿತು.

“ನೀರು ಹರದು ಹೋಗ್ತದ ಅಜ್ಜಾ. ಇಸ ಕೆಸರಿಗಿ ಅಂಟಕೊಂಡು ಕೂಡ್ತದ, ವರ್ಷಗಟ್ಲೆ. ಮಣ್ಣು ನುಣ್ಣಗಿದ್ದಷ್ಟು ಜಾಸ್ತಿ ಹಿಡೀತದ,” ಎಂದರು ಮೆಲ್ಲಗೆ. “ನೀ ಸೋಸಿ ಸೋಸಿ ಇಸಾನೇ ತಗದಿ.”

ಮರುದಿನ ಮಗಳು ಹೋದಳು. ಕೂಸು ಹೊಟ್ಟೆಯಲ್ಲೇ ಹೋಯಿತು. ಭಾಲ್ಕಿಯಲ್ಲಿ ಮಣ್ಣು ಕೊಡುವಾಗ ನಾನು ಹಿಡಿಮಣ್ಣು ಎತ್ತಿದೆ. ಅಳಿಯ ಓಂಪ್ರಕಾಶ ನನ್ನ ಮಣಿಕಟ್ಟು ಹಿಡಿದ.

“ನಿಮ್ಮ ಕೈಯಾಂದು ಸಾಕು ಮಾಮಾ,” ಎಂದ.

*

ನೀರಿನ ಸಾಹೇಬರು ಹೋದ ಮೇಲೆ ನಾನು ನೆಟ್ಟಗೆ ಅಕ್ತರಬೀಯ ಮನೆಗೆ ಹೋದೆ. ಆಕೆಯ ಮಗ ಕಲೀಮ ಬೀದರಕ್ಕೆ ಆಟೋ ಹೊಡೆಯುತ್ತಾನೆ. ಸೊಸೆ ರುಖ್ಸಾರಳಿಗೆ ಏಳು ತಿಂಗಳು. ನನ್ನ ಬಿಲ್ಲೆ ತಿನ್ನುವವರಲ್ಲಿ ಈಗ ಬಸುರಿಯಾಗಿ ಉಳಿದವಳು ಅವಳೊಬ್ಬಳೇ.

ಅಕ್ತರಬೀ ಅಂಗಳದಲ್ಲಿ ತೊಗರಿಬೇಳೆ ಕೇರುತ್ತಿದ್ದಳು. “ಬಾ ಮಡೆಪ್ಪಣ್ಣ. ಸಬರ್ ಮಾಡು. ಅಲ್ಲಾನ ಮರ್ಜಿ ಮುಂದ ನಮ್ಮದೇನು ನಡೀತದ?” ಎಂದಳು.

ರುಖ್ಸಾರ ಬಾಗಿಲಿಗೆ ಬಂದು ನಿಂತಳು. ಅವಳ ಒಂದು ಕೆನ್ನೆ ಉಬ್ಬಿತ್ತು. ಬಾಯಲ್ಲಿ ಬಿಲ್ಲೆ ಇತ್ತು.

ಆಗಲೇ ಹೇಳಬೇಕಿತ್ತು. ಹೇಳಲೆಂದೇ ಹೋಗಿದ್ದೆ. ಅಲ್ಲಾನ ಮರ್ಜಿ ಎಂದು ಆಕೆ ಅಂದದ್ದು ನನಗೆ ನೆರಳಿನಂತೆ ಸಿಕ್ಕಿತು. ಅದರ ಕೆಳಗೆ ನಿಂತುಬಿಟ್ಟೆ.

“ಅಕ್ಕಾ, ಹೋದ ತಿಂಗಳ ಕೊಟ್ಟ ಬಿಲ್ಲಿ ವಾಪಸ್ ಕೊಡ್ರಿ. ಹೊಗಿ ಸರಿ ಹಿಡದಿಲ್ಲ. ಬ್ಯಾರೆ ಮಾಡಿ ಕೊಡ್ತೇನಿ,” ಎಂದೆ.

“ಕೊಟ್ಟದ್ದು ವಾಪಸ್ ಕೇಳ್ತಾರೇನು ಕಾಕಾ?” ರುಖ್ಸಾರ ನಕ್ಕಳು. “ಹೊಟ್ಟ್ಯಾಗ ಹೋಗಿದ್ದು ಹ್ಯಾಂಗ ಕೊಡ್ಲಿ? ನಿಮ್ಮ ಮೊಮ್ಮಗನ್ನ ಕೇಳ್ರಿ, ಅವ ಕೊಟ್ರ ತೊಗೋರಿ.”

ಒಳಗಿಂದ ಡಬ್ಬಿ ತಂದು ಕೊಟ್ಟಳು. ಅರ್ಧ ಇತ್ತು.

ಅಕ್ತರಬೀ ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. “ಮಂದಿ ಏನೇನೋ ಅಂತಾರಲ್ಲ, ಮಣ್ಣಾಗ ಕಂಪನಿ ಇಸ ಅದ ಅಂತ. ಖರೇ ಏನು?”

“ಮಂದಿ ಅಂತಾರರಿ,” ಎಂದೆ. ಡಬ್ಬಿ ಹಿಡಿದು ಮನೆಗೆ ಬಂದೆ.

*

ಸಂಜೆ ಸತೀಶಕುಮಾರ ಬಂದ. ಅಂಗಳದಲ್ಲಿ ತಿಗರಿ ಇತ್ತು, ನಾನು ಮಡಕೆ ತಿರುಗಿಸುವ ಚಕ್ರ. ಅದರ ಮೇಲೆ ಬೂಟಿನ ಕಾಲು ಇಟ್ಟು ಒಂದು ಕಾಗದ ಚಾಚಿದ.

“ಓದು. ಸಾಲಿ ಕಲ್ತಾವ ಅಲ್ಲ ನೀ, ಅರ್ಜಿ ಬರ್ಯಾಂವ.”

ಓದಿದೆ. ಮಗಳಿಗೆ ಮಣ್ಣು ತಿನ್ನುವ ಚಟವಿತ್ತು. ನಾನೇ ತಂದು ಕೊಡುತ್ತಿದ್ದೆ. ಆ ಮಣ್ಣು ಔರಾದ ಕಡೆಯ ಕೆರೆಯಿಂದ ತಂದದ್ದು. ಹಳ್ಳದ ಮೇಲೆ ನನ್ನ ತಕರಾರು ಇಲ್ಲ.

“ಔರಾದ ಕಡಿಂದ ನಾ ಎಂದೂ ಮಣ್ಣ ತಂದಿಲ್ಲರಿ.”

“ಈಗ ತಂದಿ ಅಂತ ತಿಳಕೋ. ಉಳದದ್ದೆಲ್ಲ ಖರೇ ಅದ ಇಲ್ಲ? ನೀನೇ ಕೊಟ್ಟಿ ಇಲ್ಲ?”

“ಹೌದರಿ.”

“ಮತ್ತ? ಇದು ಹೊರಗ ಬಂದ್ರ ಕಂಪನಿಗಿ ಏನೂ ಆಗಲ್ಲ. ನಿನ್ನ ಬಿಲ್ಲಿ ತಿಂದ ಹೆಂಗಸರ ಗಂಡಂದಿರು ನಿನ್ನ ಕಡದು ಇದೇ ಹಳ್ಳದಾಗ ಒಗೀತಾರ. ನಾ ನಿನ್ನ ಉಳಸ್ಲಕ್ಕ ಬಂದೀನಿ, ಭಾಡ್ಕಾವ್. ನಾಳಿ ಮಧ್ಯಾಹ್ನ ಆಳ ಕಳಸ್ತೇನಿ. ಸಹಿ ಹಾಕಿ ಇಟ್ಟಿರು.”

ಅವನು ಹೋದ. ತಿಗರಿಯ ಮೇಲೆ ಬೂಟಿನ ಗುರುತು ಉಳಿಯಿತು. ನಾನು ಒಳಗೆ ಹೋಗಿ ಪೆನ್ನು ತಂದೆ. ಇದನ್ನು ಮುಚ್ಚಿಡುವುದಿಲ್ಲ. ಪೆನ್ನು ತೆರೆದು, ಕಾಗದ ತೊಡೆಯ ಮೇಲಿಟ್ಟು, ನನ್ನ ಹೆಸರಿನ ಮೊದಲ ಅಕ್ಷರ ಬರೆದೆ. ಕಾಗದದಲ್ಲಿ ಇದ್ದದ್ದು ಬಹುತೇಕ ನಿಜವೇ ಅಲ್ಲವೇ, ಎಂದು ಮನಸ್ಸು ಹೇಳಿತು. ಒಂದು ಸಾಲು ಸುಳ್ಳಿಗೆ ಊರೆಲ್ಲ ಸುಮ್ಮನಾಗುತ್ತದೆ ಎಂದಿತು.

ಮಗಳು ಹೋದ ದಿನದಿಂದ ಸುಂದರಬಾಯಿ ನನ್ನೊಡನೆ ಮಾತು ಬಿಟ್ಟಿದ್ದಳು. ರೊಟ್ಟಿ ಬಡಿಸುತ್ತಿದ್ದಳು, ಅಷ್ಟೇ. ಈಗ ಒಲೆಯ ಮುಂದಿಂದ ಏಳದೆಯೇ ಅಂದಳು:

“ಇವತ್ತ ನೀರಿಗಿ ಹೋದಾಗ ರುಖ್ಸಾರನ ಬಾಯಿ ತಗಿಸಿ ನೋಡಿದೆ. ಒಸಡಿ ಮ್ಯಾಲ ಗೆರಿ ಅದ.”

ಹೆಂಚಿನ ಮೇಲಿನ ರೊಟ್ಟಿ ಹೊತ್ತಿತು. ಅವಳು ತೆಗೆಯಲಿಲ್ಲ.

*

ಸಹಿ ಮುಗಿಸಲಿಲ್ಲ. ಮುಂಜಾನೆ ಲಿಂಗಕ್ಕೆ ನೀರು ಹಾಕಿ, ಅಕ್ತರಬೀಯ ಮನೆಗೆ ಹೋಗಿ, ನಿಂತುಕೊಂಡೇ ಎಲ್ಲ ಹೇಳಿದೆ. ಹುಳವಿಲ್ಲದ್ದು ನೋಡಿ ದೇವರಿಗೆ ಕೈ ಮುಗಿದದ್ದನ್ನೂ ಹೇಳಿದೆ. ನಿನ್ನೆ ಸುಳ್ಳು ಹೇಳಿದ್ದನ್ನೂ ಹೇಳಿದೆ.

ರುಖ್ಸಾರ ಕೇಳಿದಳು, “ನಿನ್ನಿ ನಿಮಗ ಗೊತ್ತಿತ್ತು?”

“ಗೊತ್ತಿತ್ತು.”

“ನೀವು ಹೋದ ಮ್ಯಾಲ ನಾ ಎರಡು ತಿಂದೀನಿ ಕಾಕಾ. ತಲಿದಿಂಬಿನ ಬುಡಕ ಬಚ್ಚಿಟ್ಟಿದ್ದೆ.”

ಅವಳು ಅಂಗಳದ ಮೂಲೆಗೆ ಹೋಗಿ ಗಂಟಲಿಗೆ ಬೆರಳು ಹಾಕಿದಳು. ಏನೂ ಬರಲಿಲ್ಲ. ಮತ್ತೆ ಹಾಕಿದಳು. ಹೊಟ್ಟೆ ಹಿಡಿದುಕೊಂಡು ಹಾಗೇ ಕೂತಳು.

ಅಕ್ತರಬೀ ಕಾಲಿನಿಂದ ಚಪ್ಪಲಿ ತೆಗೆದಳು. “ನನ್ನ ಮನಿಗಿ ಚಂದ್ರ ಒತ್ತಿ ಕೊಡ್ತಿದ್ದೆಲ್ಲೋ ಹರಾಮಖೋರ! ಅಲ್ಲಾನ ನಿಶಾನಿ ಒತ್ತಿ ಕೊಡ್ತಿದ್ದೆಲ್ಲೋ!” ಮೊದಲ ಏಟು ಭುಜಕ್ಕೆ ಬಿತ್ತು, ಎರಡನೆಯದು ಮುಖಕ್ಕೆ. ನಾನು ಕೈ ಅಡ್ಡ ತರಲಿಲ್ಲ. ಆಕೆಯ ಕೈ ಸೋತಾಗ ಚಪ್ಪಲಿ ಎತ್ತಿ ಆಕೆಯ ಕಾಲ ಬಳಿ ಇಟ್ಟೆ.

“ಹುಡುಗಿಗಿ ದವಾಖಾನಿಗಿ ಕರಕೊಂಡು ಹೋಗ್ರಿ. ಸೀಸ ನೋಡ್ರಿ ಅಂತ ಹೇಳ್ರಿ. ನಾ ಠಾಣೆಗಿ ಹೋಗ್ತೇನಿ.”

*

ಠಾಣೆಯಲ್ಲಿ ಜಮಾದಾರ ಶಿವರಾಜಪ್ಪ ಚಹಾ ಕುಡಿಯುತ್ತಿದ್ದ.

“ಯಾರ ಮ್ಯಾಲ ತಕರಾರ?”

“ನನ್ನ ಮ್ಯಾಲೇರಿ. ನಾ ಮಗಳಿಗಿ ಇಸ ತಿನಿಸಿ ಕೊಂದೇನಿ. ಕೇಸ್ ಹಾಕ್ರಿ. ಇಸ ಎಲ್ಲಿ ಅದ ತೋರಿಸ್ತೇನಿ, ಜಪ್ತಿ ಮಾಡಿ ಲ್ಯಾಬಿಗಿ ಕಳಸ್ರಿ.”

ಜಮಾದಾರ ಚಹಾದ ಬಸಿ ಕೆಳಗಿಟ್ಟ. ಪೂರ್ತಿ ಕೇಳಿದ ಮೇಲೆ ಒಳಗೆ ಹೋಗಿ ಫೋನಿನಲ್ಲಿ ಮಾತಾಡಿದ. “ಹೌದ್ರೀ ಪಾಟೀಲ್ರ, ಇಲ್ಲೇ ಕುಂತಾನ,” ಎನ್ನುವುದು ಕೇಳಿಸಿತು. ಹೊರಗೆ ಬಂದವನೇ, “ದುಃಖದಾಗ ತಲಿ ಕೆಟ್ಟದ ಮುದುಕಂದು. ನಡಿ ಮನಿಗಿ. ತನ್ನ ಮ್ಯಾಲ ತಾನೇ ಕೇಸ್ ಹಾಕ್ಲಕ್ಕ ಬಂದಾನ ಮಗ. ಇಪ್ಪತ್ತು ವರ್ಷದ ನೌಕರ್ಯಾಗ ನೋಡಿದ್ದಿಲ್ಲ,” ಎಂದ. ಸಿಪಾಯಿಗಳು ನಕ್ಕರು. ಒಬ್ಬ ನನ್ನ ರಟ್ಟೆ ಹಿಡಿದು ಮೆಟ್ಟಿಲ ತನಕ ತಂದು ಬಿಟ್ಟ.

ನಾನು ಮೆಟ್ಟಿಲ ಮೇಲೆ ಕೂತೆ. ಮಧ್ಯಾಹ್ನದ ಹೊತ್ತಿಗೆ ಕಲೀಮನ ಆಟೋ ಬಂದು ನಿಂತಿತು. ಮೊದಲು ಅಕ್ತರಬೀ ಇಳಿದಳು. ಆಮೇಲೆ ಅವಳ ಭುಜ ಹಿಡಿದು ರುಖ್ಸಾರ ಇಳಿದಳು. ಅವಳ ತೋಳಿಗೆ ಸೂಜಿ ಚುಚ್ಚಿದ ಕಡೆ ಹತ್ತಿ ಅಂಟಿಸಿತ್ತು. ನನ್ನನ್ನು ದಾಟಿ ಒಳಗೆ ಹೋದಳು. ನಾನು ಎದ್ದು ಬಾಗಿಲಲ್ಲಿ ನಿಂತೆ.

“ಬರಕೋರಿ,” ಎಂದಳು. “ಮಡೆಪ್ಪ ಕುಂಬಾರ ನನಗ ಇಸ ತಿನಿಸ್ಯಾನ. ಗೊತ್ತಾದ ಮ್ಯಾಲೂ ಇಷ್ಟು ದಿನ ಸುಮ್ಮ ಕುಂತಾನ. ರಕ್ತ ತೊಗೊಂಡಾರ, ನಾಳಿ ಹೇಳ್ತಾರ. ನಾಳಿ ತನಕ ನಾ ಕಾಯಲ್ಲ.”

ಜಮಾದಾರ ಎದ್ದು ನಿಂತ. “ತಂಗಿ, ಇಂವ ನಿಮ್ಮ ಓಣಿ ಮುದುಕ. ನೀ ಹೇಳಿದ್ದು ಬರದ್ರ ಒಳಗ ಹೋಗ್ತಾನ.”

“ಹೋಗಲಿ.”

“ಮಗಳು ಸತ್ತ ದುಃಖದಾಗ...”

“ನನ್ನ ಹೊಟ್ಟ್ಯಾಗಿಂದು ಇನ್ನೂ ಸತ್ತಿಲ್ಲ ಸಾಹೇಬ್ರ. ಬರೀರಿ. ಇವ ಕೊಟ್ಟ ಅಂತ ಬರೀರಿ. ಎಲ್ಲಿಂದ ತಂದು ಕೊಟ್ಟ ಅಂತನೂ ಬರೀರಿ. ಎರಡೂ ಬರಿಯೋ ತನಕ ನಾ ಇಲ್ಲಿಂದ ಏಳಲ್ಲ. ಇಲ್ಲೇ ಹಡೀತೇನಿ.”

ಹೊರಗೆ ಆಟೋದ ಸುತ್ತ ಮಂದಿ ಕೂಡಿದ್ದರು. ಕಲೀಮ ಮೊಬೈಲು ಎತ್ತಿ ಹಿಡಿದಿದ್ದ. ಜಮಾದಾರ ಅವನನ್ನು ನೋಡಿದ, ಹುಡುಗಿಯ ಹೊಟ್ಟೆ ನೋಡಿದ, ಆಮೇಲೆ ಕುರ್ಚಿ ಎಳೆದುಕೊಂಡು ಕೂತ. ನನ್ನ ಹೆಸರು, ತಂದೆಯ ಹೆಸರು, ವಯಸ್ಸು ಬರೆದ.

ಹುಡುಗಿ ನನ್ನತ್ತ ತಿರುಗಲಿಲ್ಲ. ನನಗೆ ಹಗುರ ಎನಿಸಲಿಲ್ಲ. ಅನಿಸಬಾರದು.

*

ಹಳ್ಳಕ್ಕೆ ಬಂದಾಗ ಬಿಸಿಲು ಇಳಿಮುಖವಾಗಿತ್ತು. ನಮಗಿಂತ ಮೊದಲೇ ಸತೀಶಕುಮಾರ ದಂಡೆಯ ಮೇಲಿದ್ದ. ಊರಿನ ಗಂಡಸರು ಅವನ ಎರಡೂ ಬದಿಗೆ ನಿಂತಿದ್ದರು.

“ಎಲ್ಲಿಂದು ತೋರ್ಸು,” ಎಂದ ಜಮಾದಾರ.

ನಾನು ತಿರುವಿನಲ್ಲಿ ಇಳಿದೆ. ಮೊಣಕಾಲು ಮುಟ್ಟುವ ತಿಳಿನೀರು. ನನ್ನ ಪಾದಗಳು ಕಾಣುತ್ತಿದ್ದವು. ಬಗ್ಗಿ ಮೊಣಕೈತನಕ ಕೈ ಇಳಿಸಿ ಬೊಗಸೆ ತುಂಬ ಎತ್ತಿದೆ. ಜಮಾದಾರ ಅದನ್ನು ಡಬ್ಬಿಗೆ ಹಾಕಿಸಿಕೊಂಡ, ಬಟ್ಟೆ ಕಟ್ಟಿದ, ಅರಗು ಒತ್ತಿದ.

“ಜಾಗ ಏನಂತ ಬರೀಲಿ?”

“ಔರಾದ ಕಡಿ ಕೆರಿ ಮಣ್ಣು ಅಂತ ಬರೀರಿ ಜಮಾದಾರ್ರೆ!” ಸತೀಶಕುಮಾರ ಮೇಲಿಂದ ಕೂಗಿದ. “ಈ ಸೂಳಿಮಗ ಇಲ್ಲಿ ತಂದು ಸುರದಾನ!”

“ಕಂಪನಿ ಪೈಪಿನ ಕೆಳಗಿನ ತಿರುವು ಅಂತ ಬರೀರಿ,” ಎಂದೆ. “ಆರೋಪಿ ನಾ ಇದ್ದೇನಿ. ಅವರಲ್ಲ.”

ಜಮಾದಾರ ನಾನು ಹೇಳಿದ್ದನ್ನೇ ಬರೆದ. “ಸಾಕ್ಷಿಗಿ ಇಬ್ಬರು ಪಂಚರು ಬೇಕು. ನೋಡಿದವರು ಯಾರು ಬರ್ತೀರಿ?”

ಸತೀಶಕುಮಾರ ಗಂಡಸರ ಕಡೆ ತಿರುಗಿದ. ಒಬ್ಬೊಬ್ಬರ ಮುಖ ನೋಡುತ್ತ ಹೋದ, ಅಷ್ಟೇ. ಯಾರೂ ಕದಲಲಿಲ್ಲ.

ಅಕ್ತರಬೀ ಸೀರೆ ಎತ್ತಿಕೊಂಡು ಇಳಿದು ಬಂದಳು. ಹೆಬ್ಬೆಟ್ಟು ಒತ್ತಿದಳು. ನನ್ನ ಮುಖ ನೋಡಲಿಲ್ಲ.

“ಇನ್ನೊಬ್ಬರು,” ಎಂದ ಜಮಾದಾರ.

ಗಂಡಸರ ಸಾಲು ಸರಿಯಿತು. ಸುಂದರಬಾಯಿ ಅದರ ನಡುವಿನಿಂದ ಇಳಿದಳು. ಯಾರ ಕೈ ಹಿಡಿಯದೆ, ಕೆಸರಿನಲ್ಲಿ ಕಾಲು ಎತ್ತಿ ಎತ್ತಿ ಇಡುತ್ತ ಬಂದು, ಮಸಿಯ ಡಬ್ಬಿಯಲ್ಲಿ ತಾನೇ ಹೆಬ್ಬೆರಳು ಅದ್ದಿದಳು.

“ನೀ ಬ್ಯಾಡ ಬಾಯಿ. ಆರೋಪಿ ಹೆಂಡ್ತಿ ಪಂಚ ಆಗ್ಲಕ್ಕ ಬರಲ್ಲ.”

“ಹೆಂಡ್ತಿ ಅಂತ ಯಾರ ಹೇಳಿದ್ರು? ಸತ್ತಾಕಿ ತಾಯಿ ಅಂತ ಬರಕೋರಿ.”

ಜಮಾದಾರ ಬರೆಯಲಿಲ್ಲ. ಪೆನ್ನು ಮುಚ್ಚಲೂ ಇಲ್ಲ. ದಂಡೆಯ ಮೇಲೆ ಯಾರೋ ಕೆಮ್ಮಿದರು. ನನ್ನ ತೋಳಿನ ಮೇಲಿನ ಕೆಸರು ಒಣಗಿ ಚರ್ಮವನ್ನು ಬಿಗಿಯತೊಡಗಿತ್ತು. ಎಲ್ಲಿಯೂ ಬಿರುಕು ಬಿಟ್ಟಿರಲಿಲ್ಲ. ಅಷ್ಟು ಒಳ್ಳೆಯ ಮಣ್ಣು.

ಸುಂದರಬಾಯಿ ಚಾಚಿದ ಕೈ ಹಿಂದೆ ತೆಗೆಯಲಿಲ್ಲ.